ಪ್ಯಾರಿಸ್–ಪೀಟರ್ಸ್‌ಬರ್ಗ್ ಋಣಾನುಬಂಧ

ಗಡಿಗೆ ಗಡಿ ಹತ್ತಿದ ನೆರೆಯರಸನು ಸ್ವಭಾವದಿಂದಲೇ ಅರಿ, ಆ ಅರಿಯ ಆಚೆಗಿರುವ ಅರಸನು ಸ್ವಭಾವದಿಂದಲೇ ಮಿತ್ರ ಎಂಬುದು ಕೌಟಿಲ್ಯನ ಮಂಡಲಸಿದ್ಧಾಂತದ ಮೊದಲ ಪಾಠ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚಿಗೆ ತಂದ ಕಾಲಕ್ಕೆ, ಯೂರೋಪಿನ ಎರಡು ಮಹಾರಾಜ್ಯಗಳು ಆ ಗ್ರಂಥದ ನೆರವಿಲ್ಲದೆಯೇ ಅದರ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದುವು. ಫ್ರಾನ್ಸು ತನ್ನ ರಾಜನ ಶಿರಚ್ಛೇದ ಮಾಡಿ ಪ್ರಜಾಪ್ರಭುತ್ವದ ಘೋಷಣೆಯನ್ನು ಜಗತ್ತಿಗೆ ಕೇಳಿಸಿದ ದೇಶ. ರಷ್ಯವು ಝಾರನ ಇಚ್ಛೆಯೇ ಶಾಸನವೆಂದು ಶತಮಾನಗಳಿಂದ ನಂಬಿಕೊಂಡು ಬಂದ ದೇಶ. ಧರ್ಮದ ವಿಷಯದಲ್ಲಿ ಒಂದು ರೋಮಿನ ಕಡೆಗೂ ಇನ್ನೊಂದು ಕಾನ್‌ಸ್ಟಾಂಟಿನೋಪಲ್ಲಿನ ಕಡೆಗೂ ಮುಖ ಮಾಡಿದುದು. ಇಂಥ ಇಬ್ಬರು ಒಂದೇ ಒಡಂಬಡಿಕೆಯ ಕೆಳಗೆ ಅಂಕಿತ ಹಾಕುವಂತಾದುದು ಇಬ್ಬರ ನಡುವೆ ಬಲಿತು ನಿಂತ ಜರ್ಮನಿಯಿಂದ. ನಡುವಣ ರಾಜ್ಯ ಪ್ರಬಲವಾದಾಗ ಮೈತ್ರಿ, ನಡುವಣ ನೆಲ ಬರಿದಾಗಿ ಇಬ್ಬರೂ ಎದುರುಬದುರಾದಾಗ ಯುದ್ಧ: ಇವರ ರಾಜಕಾರಣವನ್ನು ಬಹುಮಟ್ಟಿಗೆ ಇಷ್ಟರಲ್ಲಿಯೇ ಹೇಳಿ ಮುಗಿಸಬಹುದು. ಹಾಗೆ ಮುಗಿಸಲು ಬಾರದುದು ಇನ್ನೊಂದಿದೆ. ಅದು ರಾಯಭಾರಿಗಳ ಕಡತಕ್ಕೆ ಪೂರ್ತಿಯಾಗಿ ಸೇರದೆ, ಪುಸ್ತಕ, ಭಾಷೆ, ನೃತ್ಯ, ಸಾಲಪತ್ರಗಳ ಮೂಲಕ ನಡೆದುಬಂದ ಕೊಳುಕೊಡೆಯ ಲೆಕ್ಕ. ಅದರಲ್ಲಿ ಯಾರು ಸಾಲಗಾರ, ಯಾರು ಸಾಹುಕಾರ ಎಂಬುದು ಕಾಲಕಾಲಕ್ಕೆ ಅದಲುಬದಲಾಯಿತು.

ಚರಿತ್ರಕಾರರು ಈ ಸಂಬಂಧದ ಮೂಲವನ್ನು ಹುಡುಕುತ್ತ ಹನ್ನೊಂದನೆಯ ಶತಮಾನಕ್ಕೆ ಹೋಗುವುದುಂಟು. ಕೀವಿನ ಮಹಾಪ್ರಭು ಯಾರೊಸ್ಲಾವನ ಮಗಳು ಅನ್ನಾ 1051ರಲ್ಲಿ ಫ್ರಾನ್ಸಿನ ಒಂದನೆಯ ಹೆನ್ರಿಯ ಕೈಹಿಡಿದು, ಒಂದನೆಯ ಫಿಲಿಪನ ತಾಯಿಯಾದಳು. 1063ರ ಒಂದು ದಾನಪತ್ರದಲ್ಲಿ ಆಕೆ ಸ್ಲಾವಿಕ್ ಲಿಪಿಯಲ್ಲಿ ಮಾಡಿದ ಸಹಿ ಇಂದಿಗೂ ಉಳಿದಿದೆ. ಈ ರಾಜಪುತ್ರಿಯನ್ನು ರಷ್ಯನ್ನರೂ ಯುಕ್ರೇನಿಯನ್ನರೂ ತಮ್ಮವಳೆಂದು ಹೇಳಿಕೊಳ್ಳುತ್ತಾರೆ. ಆ ವ್ಯಾಜ್ಯದೊಳಕ್ಕೆ ನಾವು ಇಳಿಯಬೇಕಾಗಿಲ್ಲ, ಏಕೆಂದರೆ ಆ ವಿವಾಹದಿಂದ ಮುಂದಕ್ಕೆ ಯಾವ ಪರಂಪರೆಯೂ ಬೆಳೆಯಲಿಲ್ಲ. ತರುವಾಯದ ಆರು ಶತಮಾನಗಳಲ್ಲಿ ಫ್ರೆಂಚರ ಪಾಲಿಗೆ ಮಸ್ಕೊವಿಯೆಂದರೆ ಪೋಲೆಂಡಿನ ಆಚೆಗೆ ಎಲ್ಲಿಯೋ ಹಿಮದಲ್ಲಿ ಹುದುಗಿದ್ದ ಒಂದು ಹೆಸರು ಮಾತ್ರ.

ನಿಜವಾದ ಪರಿಚಯ 1717ರ ಮೇ ತಿಂಗಳಲ್ಲಿ ಆಯಿತು. ಇಪ್ಪತ್ತು ವರ್ಷಗಳ ಹಿಂದೆ ತನ್ನ ಮೊದಲ ಯೂರೋಪು ಸಂಚಾರದಲ್ಲಿ ಫ್ರಾನ್ಸನ್ನು ಬಿಟ್ಟುಹೋಗಿದ್ದ ಪೀಟರ್ ಮಹಾಶಯನು, ಸ್ವೀಡನ್ನಿನ ಬಲವನ್ನು ಮುರಿದ ಮೇಲೆ, ಫ್ರಾನ್ಸಿನ ಮೈತ್ರಿಮಂಡಲದಲ್ಲಿ ಆ ಸ್ವೀಡನ್ನಿನ ಸ್ಥಾನವನ್ನು ತನಗೆ ಕೊಡಬೇಕೆಂಬ ಬೇಡಿಕೆಯೊಡನೆ ಪ್ಯಾರಿಸ್ಸಿಗೆ ಬಂದನು. ಲೂವ್ರ್ ಅರಮನೆಯಲ್ಲಿ ಅವನಿಗಾಗಿ ಸಜ್ಜುಗೊಳಿಸಿದ್ದ ಕೊಠಡಿಗಳ ಆಡಂಬರ ಅವನಿಗೆ ಹಿಡಿಸಲಿಲ್ಲ. ಬೇರೊಂದು ಭವನಕ್ಕೆ ಹೊರಟುಹೋದನು. ಏಳು ವರ್ಷದ ಬಾಲಕನಾದ ಹದಿನೈದನೆಯ ಲೂಯಿ ರಾಜಮರ್ಯಾದೆಯಿಂದ ಅವನನ್ನು ಕಾಣಲು ಬಂದಾಗ, ಈ ದೈತ್ಯಕಾಯನು ಯಾವ ಶಿಷ್ಟಾಚಾರವನ್ನೂ ಲೆಕ್ಕಿಸದೆ ಆ ದೊರೆಯನ್ನು ಎರಡು ಕೈಗಳಿಂದ ಎತ್ತಿಕೊಂಡುಬಿಟ್ಟನಂತೆ. ಆಸ್ಥಾನದವರು ಬೆರಗಾದರು, ಹುಡುಗ ಮಾತ್ರ ಹೆದರಲಿಲ್ಲ. ಗೋಬ್ಲಿನ್ ನೇಯ್ಗೆಯ ಕಾರ್ಖಾನೆ, ಟಂಕಸಾಲೆ, ವೇಧಶಾಲೆ, ವೃದ್ಧ ಸೈನಿಕರ ಆಶ್ರಯವಾದ ಇನ್‌ವಾಲಿಡ್ ಇವುಗಳನ್ನೆಲ್ಲ ಅವನು ಯಾತ್ರಿಕನ ಕಣ್ಣಿನಿಂದಲ್ಲ, ಮೇಸ್ತ್ರಿಯ ಕಣ್ಣಿನಿಂದ ನೋಡಿದನು. ಇನ್‌ವಾಲಿಡಿನಲ್ಲಿ ಸಿಪಾಯಿಗಳ ಸಾರನ್ನು ಕುಡಿದು ನೋಡಿದನು. ರಾಜಕೀಯದಲ್ಲಿ ಅವನಿಗೆ ದೊರೆತ ಫಲ ಅತ್ಯಲ್ಪ: ಅದೇ ವರ್ಷ ಆಮ್‌ಸ್ಟರ್‌ಡಾಮಿನಲ್ಲಿ ಆದ ಒಂದು ಸಡಿಲವಾದ ಒಪ್ಪಂದ. ತನ್ನ ಮಗಳು ಎಲಿಜಬೆತಳನ್ನು ಆ ಬಾಲರಾಜನಿಗೆ ಕೊಡಬೇಕೆಂಬ ಅವನ ಆಸೆಯೂ ಕೈಗೂಡಲಿಲ್ಲ. 1725ರಲ್ಲಿ ಫ್ರಾನ್ಸಿನ ರಾಣಿಯಾದವಳು ಪದಚ್ಯುತನಾದ ಪೋಲೆಂಡಿನ ಅರಸನೊಬ್ಬನ ಮಗಳು. ಆದರೆ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಪೀಟರನನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು. ಅದಕ್ಕೆ ಪ್ರತಿಯಾಗಿ ಅವನು, ಹೊಸದಾಗಿ ಅಳೆಯಿಸಿದ ಕ್ಯಾಸ್ಪಿಯನ್ ಸಮುದ್ರದ ನಕ್ಷೆಯೊಂದನ್ನು ಅಕಾಡೆಮಿಗೆ ಕಳುಹಿಸಿ, ಆ ಸಮುದ್ರದ ಆಕಾರದ ವಿಷಯದಲ್ಲಿ ಯೂರೋಪಿನ ಭೂಗೋಳಜ್ಞರಿಗಿದ್ದ ತಪ್ಪುಕಲ್ಪನೆಯನ್ನು ತಿದ್ದಿದನು. ಗೌರವದ ಋಣವನ್ನು ಜ್ಞಾನದಿಂದ ತೀರಿಸಿದ ದೊರೆಗಳು ಚರಿತ್ರೆಯಲ್ಲಿ ಹೆಚ್ಚು ಮಂದಿಯಿಲ್ಲ.

ರಾಣಿಯಾಗದ ಆ ಎಲಿಜಬೆತಳೇ 1741ರಲ್ಲಿ ಫ್ರೆಂಚ್ ರಾಯಭಾರಿ ಲಾ ಶೆತಾರ್ದಿಯ ಹಣದ ನೆರವೂ ಉತ್ತೇಜನವೂ ಒದಗಿ ರಷ್ಯದ ಸಿಂಹಾಸನವನ್ನೇರಿದಳು; ಮೂರು ವರ್ಷಗಳೊಳಗೆ ಅದೇ ರಾಯಭಾರಿಯನ್ನು ದೇಶದಿಂದ ಹೊರಗೆ ಅಟ್ಟಿಸಿದಳು. ಪಟ್ಟಕ್ಕೆ ಏರಿಸಿದವರನ್ನು ಪಟ್ಟವೇರಿದವರು ಬಹುಕಾಲ ಎದುರಿಗೆ ಇಟ್ಟುಕೊಳ್ಳುವುದಿಲ್ಲವೆಂಬುದು ಯಾವ ದೇಶಕ್ಕೂ ಹೊಸತಲ್ಲ.

ಎರಡನೆಯ ಕ್ಯಾಥರೀನಳ ಕಾಲಕ್ಕೆ ಬಂದಾಗ ಈ ಕಥೆ ಅರಮನೆಯಿಂದ ಗ್ರಂಥಭಂಡಾರಕ್ಕೆ ದಾಟುತ್ತದೆ. ಜರ್ಮನಿಯ ಸಣ್ಣ ಸಂಸ್ಥಾನವೊಂದರಲ್ಲಿ ಹುಟ್ಟಿ, ಫ್ರೆಂಚ್ ಪುಸ್ತಕಗಳನ್ನೋದಿ ಬುದ್ಧಿ ಬಲಿತ ಈ ಚಕ್ರವರ್ತಿನಿಯು, ಹೊಸ ನ್ಯಾಯಸಂಹಿತೆಯೊಂದನ್ನು ರಚಿಸಲು ನೇಮಿಸಿದ ಸಭೆಗಾಗಿ 1767ರಲ್ಲಿ ಬರೆದ ಮಾರ್ಗಸೂತ್ರಗಳಲ್ಲಿ ಮೊಂಟೆಸ್ಕ್ಯೂವಿನಿಂದ ಪುಟಪುಟಗಳನ್ನೇ ಎತ್ತಿಕೊಂಡಳು. ಫ್ರೆಂಚ್ ಚಿಂತಕನ ವಿಚಾರಗಳನ್ನು ಹೊತ್ತು ಹಿಂದಿರುಗಿದ ಆ ಗ್ರಂಥವನ್ನು ಫ್ರಾನ್ಸಿನ ಸರ್ಕಾರವೇ ನಿಷೇಧಿಸಿದುದು ಆ ಕಾಲದ ವಿನೋದಗಳಲ್ಲೊಂದು. ವೋಲ್ಟೇರನೊಡನೆ ಆಕೆ ನಡೆಸಿದ ಪತ್ರವ್ಯವಹಾರ ಹದಿನೈದು ವರ್ಷ, ಅವನು ಸಾಯುವವರೆಗೂ, ನಡೆಯಿತು. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ಕಣ್ಣಾರೆ ಕಾಣಲಿಲ್ಲ. ಕಂಡಿದ್ದರೆ ಆ ಸ್ನೇಹ ಅಷ್ಟು ಕಾಲ ಬಾಳುತ್ತಿತ್ತೆ ಎಂಬುದು ಸಂದೇಹ.

ಸಂದೇಹಕ್ಕೆ ಕಾರಣ ದಿದೆರೋವಿನ ಅನುಭವ. ವಿಶ್ವಕೋಶದ ಮಹಾಕಾರ್ಯದಲ್ಲಿ ಆಯುಷ್ಯವನ್ನು ಸವೆಸಿದ ಈ ಪಂಡಿತನು ಮಗಳ ವರದಕ್ಷಿಣೆಗೆ ಹಣವಿಲ್ಲದೆ ತನ್ನ ಪುಸ್ತಕಗಳನ್ನೆಲ್ಲ ಮಾರಲು ಹೊರಟಾಗ, 1765ರಲ್ಲಿ ಕ್ಯಾಥರೀನಳು ಅವನ್ನು 15,000 ಲೀವ್ರ್ ಕೊಟ್ಟು ಕೊಂಡು, ಆದರೆ ಅವು ಅವನಿರುವವರೆಗೂ ಅವನ ಮನೆಯಲ್ಲಿಯೇ ಇರತಕ್ಕದ್ದೆಂದು ವಿಧಿಸಿ, ಅವುಗಳ ಪಾಲಕನಾಗಿ ಅವನನ್ನೇ ವರ್ಷಕ್ಕೆ 1,000 ಲೀವ್ರ್ ಸಂಬಳದ ಮೇಲೆ ನೇಮಿಸಿದಳು. ಆ ಸಂಬಳ ಒಮ್ಮೆ ಬರುವುದು ತಡವಾದುದಕ್ಕೆ, ಮತ್ತೆ ಹಾಗಾಗದಿರಲೆಂದು ಐವತ್ತು ವರ್ಷಗಳ ಮೊಬಲಗನ್ನು ಒಮ್ಮೆಗೇ ಕಳುಹಿಸಿಬಿಟ್ಟಳು. ಇದರಲ್ಲಿ ಔದಾರ್ಯವೆಷ್ಟು, ಯೂರೋಪಿನ ಹೊಗಳಿಕೆಯನ್ನು ಕ್ರಯಕ್ಕೆ ಕೊಳ್ಳುವ ಜಾಣತನವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಇದ್ದುವೆಂದು ನನ್ನ ಭಾವನೆ. ಕೃತಜ್ಞತೆ ಸಲ್ಲಿಸಲು ಅರುವತ್ತರ ಅಂಚಿನಲ್ಲಿದ್ದ ದಿದೆರೋ ಹದಗೆಟ್ಟ ದಾರಿಗಳ ಮೇಲೆ ಪಯಣಿಸಿ, 1773ರ ಅಕ್ಟೋಬರಿನಲ್ಲಿ ಪೀಟರ್ಸ್‌ಬರ್ಗನ್ನು ಸೇರಿದನು. ಮಾತಿನ ಆವೇಶದಲ್ಲಿ ಅವನು ಚಕ್ರವರ್ತಿನಿಯ ತೊಡೆಯ ಮೇಲೆ ಕೈಬಡಿಯುತ್ತಿದ್ದನೆಂದೂ, ಆಕೆ ಕಡೆಗೆ ಇಬ್ಬರ ನಡುವೆ ಒಂದು ಮೇಜನ್ನು ಇರಿಸಿಕೊಂಡಳೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ಜೀತದ ರೈತರ ಸ್ಥಿತಿ, ಶಿಕ್ಷಣ, ನ್ಯಾಯವಿಧಾನ ಎಲ್ಲದರ ಮೇಲೂ ಅವನು ಪ್ರಶ್ನೆಗಳ ಮಳೆಗರೆದನು. ಹೊರಗೆ ಅದೇ ಚಳಿಗಾಲದಲ್ಲಿ ವೋಲ್ಗಾ, ಉರಾಲ್ ಪ್ರಾಂತಗಳಲ್ಲಿ ಪುಗಚೋವನ ದಂಗೆ ಹೊತ್ತಿ ಉರಿಯುತ್ತಿತ್ತು. ತತ್ತ್ವಜ್ಞಾನಿ ಬರೆಯುವುದು ಎಲ್ಲವನ್ನೂ ತಾಳಿಕೊಳ್ಳುವ ಕಾಗದದ ಮೇಲೆ, ತಾನು ಬರೆಯಬೇಕಾದುದು ಮುಟ್ಟಿದರೆ ನೋಯುವ ಮನುಷ್ಯರ ಚರ್ಮದ ಮೇಲೆ ಎಂಬ ಅರ್ಥದ ಮಾತನ್ನು ಆಕೆ ಅವನಿಗೆ ಹೇಳಿದಳೆಂದು, ಮುಂದೆ ಅಲ್ಲಿ ಫ್ರೆಂಚ್ ರಾಯಭಾರಿಯಾಗಿದ್ದ ಸೆಗ್ಯೂರ್ ತನ್ನ ಸ್ಮೃತಿಗ್ರಂಥದಲ್ಲಿ ದಾಖಲಿಸಿದ್ದಾನೆ. ರಾಜರಿಗೆ ಉಪದೇಶ ಮಾಡಹೊರಟ ಪಂಡಿತರೆಲ್ಲರಿಗೂ ಈ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ದಿದೆರೋ ಶಿಫಾರಸು ಮಾಡಿ ಕಳುಹಿಸಿದ್ದ ಶಿಲ್ಪಿ ಫಾಲ್ಕೊನೆ, ನೆವಾ ನದಿಯ ದಡದಲ್ಲಿ ಇಂದಿಗೂ ನಿಂತಿರುವ ಪೀಟರನ ಅಶ್ವಾರೂಢ ಕಂಚಿನ ಪ್ರತಿಮೆಗೆ ಹನ್ನೆರಡು ವರ್ಷ ದುಡಿದು, ಅಧಿಕಾರಿಗಳೊಡನೆ ಮನಸ್ತಾಪ ಬೆಳೆದು, 1782ರ ಅನಾವರಣಕ್ಕೆ ಮೊದಲೇ ಊರು ಬಿಟ್ಟನು. ಆ ಪ್ರತಿಮೆಯ ಮುಖವನ್ನು ರೂಪಿಸಿದವಳು ಅವನ ಶಿಷ್ಯೆ ಮಾರಿ ಆನ್ ಕೊಲೊ. ವೋಲ್ಟೇರನು ಗತಿಸಿದ ಮೇಲೆ ಅವನ ಸೋದರಿಯ ಮಗಳಿಂದ ಕೊಂಡ ಸುಮಾರು 7,000 ಸಂಪುಟಗಳು, ಅಂಚಿನಲ್ಲಿ ಅವನ ಕೈಯ ಟಿಪ್ಪಣಿಗಳೊಡನೆ, ಇಂದೂ ಪೀಟರ್ಸ್‌ಬರ್ಗಿನಲ್ಲಿಯೇ ಇವೆ. ದಿದೆರೋವಿನವು ಇತರ ಪುಸ್ತಕಗಳ ರಾಶಿಯಲ್ಲಿ ಬೆರೆತು ಚೆದುರಿಹೋದುವು. ಮುಂದೆ ಒಂದನೆಯ ನಿಕೊಲಾಸನು ವೋಲ್ಟೇರನ ಆ ಕಪಾಟುಗಳನ್ನು ಓದುಗರಿಗೆ ಮುಚ್ಚಿಸಿದ್ದಾಗ, ಪೀಟರನ ಚರಿತ್ರೆ ಬರೆಯುವ ಕಾರ್ಯಕ್ಕೆಂದು ವಿಶೇಷ ಅನುಮತಿ ಪಡೆದು ಒಳಹೊಕ್ಕವನು ಕವಿ ಪುಷ್ಕಿನ್.

ಕ್ಯಾಥರೀನಳ ತತ್ತ್ವಪ್ರೇಮ ಹದಿನಾರನೆಯ ಲೂಯಿಯ ತಲೆಯೊಡನೆ ಉರುಳಿತು. 1793ರಲ್ಲಿ ಆಕೆ ಫ್ರಾನ್ಸಿನೊಡನೆ ಸಂಬಂಧವನ್ನು ಕಡಿದು, ರಷ್ಯದಲ್ಲಿದ್ದ ಫ್ರೆಂಚರೆಲ್ಲರೂ ಕ್ರಾಂತಿಯನ್ನು ಧಿಕ್ಕರಿಸಿ ಪ್ರಮಾಣ ಮಾಡಬೇಕೆಂದಳು. ವಿಚಾರಗಳಿಗೆ ಬಾಗಿಲು ಮುಚ್ಚಿತು, ಮನುಷ್ಯರಿಗೆ ತೆರೆಯಿತು: ಕ್ರಾಂತಿಯಿಂದ ಓಡಿಬಂದ ಶ್ರೀಮಂತರು ಉಪಾಧ್ಯಾಯರಾಗಿ, ಸೇನಾಧಿಕಾರಿಗಳಾಗಿ ನೆಲೆಸಿದರು. ಅವರಲ್ಲಿ ರಿಶೆಲ್ಯೂ ಡ್ಯೂಕನು ಒಡೆಸ್ಸಾ ನಗರದ ಆಡಳಿತವನ್ನು 1803ರಿಂದ 1814ರ ವರೆಗೆ ನಡೆಸಿ, ಅದನ್ನು ದೊಡ್ಡ ಬಂದರನ್ನಾಗಿ ಬೆಳೆಸಿ, ಅನಂತರ ಸ್ವದೇಶಕ್ಕೆ ಮರಳಿ ಪ್ರಧಾನಮಂತ್ರಿಯಾದನು. ರಷ್ಯದ ಕುಲೀನರ ಮನೆಗಳಲ್ಲಿ ಫ್ರೆಂಚ್ ಎಷ್ಟು ಬೇರೂರಿತೆಂದರೆ, ಮಕ್ಕಳು ಅದನ್ನು ದಿವಾನಖಾನೆಯಲ್ಲಿ ಕಲಿತು, ರಷ್ಯನ್ನನ್ನು ದಾದಿಯಿಂದಲೂ ಕುದುರೆಲಾಯದಿಂದಲೂ ಕಲಿಯುತ್ತಿದ್ದರು. ಪುಷ್ಕಿನ್ನನಿಗೆ ಶಾಲೆಯಲ್ಲಿದ್ದ ಅಡ್ಡಹೆಸರೇ ‘ಫ್ರೆಂಚ’ ಎಂದು. ಅವನಿಗೆ ಆ ಭಾಷೆ ಕಲಿಸಿದ ಮೇಷ್ಟರು ಕ್ರಾಂತಿಯ ಉಗ್ರಮೂರ್ತಿಯಾದ ಮರಾನ ಒಡಹುಟ್ಟಿದವರು, ಹೆಸರು ಬದಲಿಸಿಕೊಂಡು ಝಾರನ ಪಾಠಶಾಲೆಯಲ್ಲಿ ಶಾಂತವಾಗಿ ವ್ಯಾಕರಣ ಹೇಳಿಕೊಡುತ್ತಿದ್ದವರು. ರಷ್ಯನ್ ಕಾವ್ಯಕ್ಕೆ ಹೊಸ ಬಾಳು ಕೊಟ್ಟ ಆ ಶಿಷ್ಯನು 1837ರಲ್ಲಿ ದ್ವಂದ್ವಯುದ್ಧದಲ್ಲಿ ಮಡಿದುದೂ ಒಬ್ಬ ಫ್ರೆಂಚನ ಗುಂಡಿನಿಂದ.

ನೆಪೋಲಿಯನ್ನನ ಅಧ್ಯಾಯ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬೆಳೆಸುವುದಿಲ್ಲ. ಆದರೆ ನಮ್ಮ ನಾಡಿಗೆ ತಾಗಿದ ಒಂದು ಎಳೆಯನ್ನು ಬಿಡುವಂತಿಲ್ಲ. 1799ರ ಜನವರಿಯಲ್ಲಿ ಬೊನಪಾರ್ಟೆ ಈಜಿಪ್ಟಿನಿಂದ ಟೀಪು ಸುಲ್ತಾನನಿಗೆ ಬರೆದ ಕಾಗದ ಬ್ರಿಟಿಷರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಸಮುದ್ರದ ದಾರಿ ಹೀಗೆ ಮುಚ್ಚಿಹೋದ ಮೇಲೆ, ಬೊನಪಾರ್ಟೆಯ ಸ್ನೇಹಕ್ಕೆ ಒಲಿದ ಝಾರ್ ಪೌಲನು 1801ರ ಆರಂಭದಲ್ಲಿ 20,000ಕ್ಕೂ ಮಿಕ್ಕ ಡಾನ್ ಕೊಸಾಕರನ್ನು, ಸರಿಯಾದ ಭೂಪಟಗಳೂ ಇಲ್ಲದೆ, ಹಿಮದ ಮೇಲೆ ಹಿಂದೂಸ್ಥಾನದ ಕಡೆಗೆ ಹೊರಡಿಸಿದನು. ಮಾರ್ಚಿಯಲ್ಲಿ ಪೌಲನು ತನ್ನ ಶಯನಗೃಹದಲ್ಲಿ ಕೊಲೆಯಾದನು. ಕೊಸಾಕರನ್ನು ಅರ್ಧದಾರಿಯಿಂದ ಹಿಂದಕ್ಕೆ ಕರೆಸಲಾಯಿತು. ಮುಂದೆ 1807ರಲ್ಲಿ ನೀಮೆನ್ ನದಿಯ ನಡುವೆ ತೆಪ್ಪದ ಮೇಲೆ ನೆಪೋಲಿಯನ್ನನೂ ಹೊಸ ಝಾರ್ ಅಲೆಗ್ಸಾಂಡರನೂ ಆಲಿಂಗಿಸಿಕೊಂಡರು. ಐದು ವರ್ಷಗಳೊಳಗೆ ಅದೇ ನದಿಯನ್ನು ದಾಟಿ ಫ್ರೆಂಚ್ ಸೇನೆ ಮಾಸ್ಕೋವಿಗೆ ನಡೆಯಿತು. ಪ್ರಶ್ಯ ಮಣ್ಣುಗೂಡಿ, ಪೋಲೆಂಡು ನೆಪೋಲಿಯನ್ನನ ಅಂಕೆಗೆ ಬಂದು, ಇಬ್ಬರ ನಡುವೆ ಅಂತರವೆಂಬುದೇ ಉಳಿದಿರಲಿಲ್ಲ. ಮಂಡಲಸಿದ್ಧಾಂತ ತನ್ನ ಕಂದಾಯವನ್ನು ವಸೂಲು ಮಾಡಿತು. 1814ರ ಮಾರ್ಚಿ 31ರಂದು ಅಲೆಗ್ಸಾಂಡರನು ಪ್ಯಾರಿಸ್ಸನ್ನು ಹೊಕ್ಕನು, ಕೊಸಾಕರು ಷಾನ್ಸೆಲಿಸೆಯಲ್ಲಿ ಬಿಡಾರ ಹೂಡಿದರು.

ಆ ದಿಗ್ವಿಜಯದಿಂದ ಹಿಂದಿರುಗಿದ ತರುಣ ಅಧಿಕಾರಿಗಳು ಜೊತೆಯಲ್ಲಿ ತಂದುದು ಸ್ವಾತಂತ್ರ್ಯದ ಮಾತುಗಳನ್ನು. 1825ರ ಡಿಸೆಂಬರ್ ಬಂಡಾಯದ ಬೀಜಗಳಲ್ಲಿ ಅದೂ ಒಂದು. ಆ ಬಂಡಾಯಗಾರರಲ್ಲೊಬ್ಬನಾದ ಆನ್ನೆನ್‌ಕೋವನನ್ನು ಹಿಂಬಾಲಿಸಿ, ಮಾಸ್ಕೋವಿನ ಉಡುಪಿನಂಗಡಿಯಲ್ಲಿ ದುಡಿಯುತ್ತಿದ್ದ ಪೋಲೀನ್ ಗೆಬ್ಲ್ ಎಂಬ ಫ್ರೆಂಚ್ ತರುಣಿ ಸೈಬೀರಿಯಕ್ಕೆ ಹೋಗಿ ಅಲ್ಲಿಯೇ ಅವನನ್ನು ವಿವಾಹವಾದಳು. ಈ ಕಥೆಯನ್ನು ಆಧರಿಸಿ ಅಲೆಗ್ಸಾಂಡರ್ ಡ್ಯೂಮಾ ಬರೆದ ಕಾದಂಬರಿಯನ್ನು ನಿಕೊಲಾಸನು ರಷ್ಯದಲ್ಲಿ ನಿಷೇಧಿಸಿದನು. ಮಾರ್ಕ್ವಿಸ್ ಕ್ಯುಸ್ತೀನನು 1839ರ ಪ್ರವಾಸದ ಮೇಲೆ ಬರೆದ ಕಟುವಾದ ಗ್ರಂಥಕ್ಕೂ ಅದೇ ಗತಿ. ಕ್ರೈಮಿಯದ ಯುದ್ಧದಲ್ಲಿ ಸೆವಾಸ್ತೊಪೋಲಿನ ಮುಂದೆ ಮತ್ತೊಮ್ಮೆ ಇಬ್ಬರೂ ರಕ್ತ ಸುರಿಸಿದರು. ಅದರಿಂದ ಎರಡು ಜನಾಂಗಗಳ ಮನಸ್ಸಿನಲ್ಲಿ ಉಳಿದ ದ್ವೇಷ ಆಶ್ಚರ್ಯಕರವಾಗಿ ಕಡಮೆ.

ಪ್ರವಾಹ ತಿರುಗಿದುದು ಅದರ ಮುಂದಿನ ತಲೆಮಾರಿನಲ್ಲಿ. ತುರ್ಗೆನೆವ್ ಗಾಯಕಿ ಪೋಲೀನ್ ವಿಯಾರ್ದೊಳ ಸಂಸಾರದ ಆಶ್ರಯದಲ್ಲಿ ಫ್ರಾನ್ಸಿನಲ್ಲಿ ನೆಲೆಸಿ, ಫ್ಲೋಬೇರನ ಪರಮಮಿತ್ರನಾಗಿ, 1883ರಲ್ಲಿ ಪ್ಯಾರಿಸ್ಸಿನ ಹೊರವಲಯದ ಬೂಜಿವಾಲಿನಲ್ಲಿ ಕಾಲವಾದನು. ಮೂರು ವರ್ಷಗಳ ತರುವಾಯ, ಪೀಟರ್ಸ್‌ಬರ್ಗಿನ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡಿಬಂದಿದ್ದ ಮೆಲ್ಶಿಯೊರ್ ದ ವೊಗ್ಯುಯೆ ರಷ್ಯನ್ ಕಾದಂಬರಿಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಅಲ್ಲಿಂದ ಟಾಲ್‌ಸ್ಟಾಯ್, ದೊಸ್ತೊಯೆವ್ಸ್ಕಿಯರು ಫ್ರೆಂಚ್ ಓದುಗರ ಮನೆಮಾತಾದರು. 1887ರಲ್ಲಿ ರೊಮೇನ್ ರೋಲಾನ್ ಎಂಬ ಅಜ್ಞಾತ ವಿದ್ಯಾರ್ಥಿ ಮನಸ್ಸಿನ ಕಳವಳವನ್ನು ತೋಡಿಕೊಂಡು ಟಾಲ್‌ಸ್ಟಾಯ್ ಅವರಿಗೆ ಬರೆದಾಗ, ಆ ಋಷಿ ಫ್ರೆಂಚಿನಲ್ಲಿಯೇ ಸುದೀರ್ಘವಾದ ಉತ್ತರ ಬರೆದರು. ಗಾಂಧೀಜಿಯವರ ಚರಿತ್ರೆಯನ್ನು 1924ರಲ್ಲಿ ಯೂರೋಪಿಗೆ ಹೇಳಿದ ಲೇಖನಿ ಆ ರೋಲಾನರದು.

ಇಷ್ಟರಲ್ಲಿ ಸಾಹುಕಾರಿಕೆ ಅಕ್ಷರಾರ್ಥದಲ್ಲಿಯೇ ಆರಂಭವಾಗಿತ್ತು. 1887ರಲ್ಲಿ ಬಿಸ್ಮಾರ್ಕನು ರಷ್ಯದ ಸಾಲಪತ್ರಗಳನ್ನು ಜರ್ಮನಿಯ ರಾಜ್ಯಬ್ಯಾಂಕು ಅಡಮಾನವಾಗಿ ಸ್ವೀಕರಿಸಕೂಡದೆಂದು ಆಜ್ಞೆ ಮಾಡಿದನು. ಬರ್ಲಿನ್ನಿನಲ್ಲಿ ಬಾಗಿಲು ಮುಚ್ಚಿದ್ದರಿಂದ ಝಾರನ ಅರ್ಥಸಚಿವರು ಪ್ಯಾರಿಸ್ಸಿನ ಬಾಗಿಲು ತಟ್ಟಿದರು, ಮರುವರ್ಷವೇ 50 ಕೋಟಿ ಫ್ರಾಂಕುಗಳ ಮೊದಲ ಸಾಲ ಎದ್ದಿತು. ಫ್ರಾನ್ಸು ಸೆಡಾನಿನ ಸೋಲಿನಿಂದಾಚೆಗೆ ಇಪ್ಪತ್ತು ವರ್ಷ ಒಂಟಿಯಾಗಿತ್ತು. ಹಣದ ಹಿಂದೆ ಹಡಗುಗಳು ಹೋದುವು. 1891ರ ಜುಲೈಯಲ್ಲಿ ಫ್ರೆಂಚ್ ನೌಕಾಪಡೆ ಕ್ರಾನ್‌ಸ್ಟಾಟಿಗೆ ಬಂದಾಗ, ತನ್ನ ರಾಜ್ಯದಲ್ಲಿ ಹಾಡಿದವರನ್ನು ಸೆರೆಮನೆಗೆ ಕಳುಹಿಸಬಹುದಾಗಿದ್ದ ಮಾರ್ಸೆಯೇಸ್ ಗೀತೆಗೆ ಮೂರನೆಯ ಅಲೆಗ್ಸಾಂಡರನು ಟೋಪಿ ತೆಗೆದು ನಿಂತುಕೊಂಡನು. 1892ರಲ್ಲಿ ಸೇನಾಪತಿಗಳು ಬರೆದ ರಹಸ್ಯದ ಒಡಂಬಡಿಕೆ 1894ರ ಆರಂಭದ ಹೊತ್ತಿಗೆ ಊರ್ಜಿತವಾಯಿತು. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಮೇಲೆ ಅಲೆಗ್ಸಾಂಡರನ ಹೆಸರಿನ ಸೇತುವೆಗೆ 1896ರಲ್ಲಿ ಅವನ ಮಗ ನಿಕೊಲಾಸನು ಅಡಿಗಲ್ಲಿಟ್ಟನು.

ಫ್ರಾನ್ಸಿನ ಶಾಲಾಮಾಸ್ತರರು, ವಿಧವೆಯರು, ದ್ರಾಕ್ಷಿತೋಟದ ರೈತರು, ಸಣ್ಣ ಅಂಗಡಿಕಾರರು ಉಳಿತಾಯದ ಹಣವನ್ನು ರಷ್ಯದ ಸಾಲಪತ್ರಗಳಲ್ಲಿ ತೊಡಗಿಸಿದರು. 1914ರ ಹೊತ್ತಿಗೆ ಹೊರದೇಶಗಳಲ್ಲಿದ್ದ ಫ್ರೆಂಚ್ ಬಂಡವಾಳದ ಸುಮಾರು ಕಾಲುಭಾಗ ಅಲ್ಲಿತ್ತು. ಈ ವಿಶ್ವಾಸ ತಾನಾಗಿ ಹುಟ್ಟಿದುದಲ್ಲ. ಪ್ಯಾರಿಸ್ಸಿನಲ್ಲಿ ರಷ್ಯದ ಅರ್ಥಶಾಖೆಯ ಪ್ರತಿನಿಧಿಯಾಗಿದ್ದ ಆರ್ತೂರ್ ರಫಲೊವಿಚ್ ಪತ್ರಿಕೆಗಳಿಗೆ ಕ್ರಮವಾಗಿ ಹಣ ಹಂಚುತ್ತಿದ್ದನು. ಅವನ ಕಾಗದಗಳು ಕ್ರಾಂತಿಯ ತರುವಾಯ ಹೊರಬಿದ್ದು ‘ಲುಮಾನಿತೆ’ ಪತ್ರಿಕೆಯಲ್ಲಿ ಅಚ್ಚಾದಾಗ, ಯಾವ ಸಂಪಾದಕನ ಲೇಖನಿಗೆ ಎಷ್ಟು ಬೆಲೆಯಿತ್ತೆಂಬುದು ಊರಿಗೆಲ್ಲ ತಿಳಿಯಿತು. 1906ರಲ್ಲಿ ಹೊಸ ಶಾಸನಸಭೆ ಡ್ಯೂಮಾ ಕೂಡುವ ಮೊದಲೇ ಪ್ಯಾರಿಸ್ಸಿನಿಂದ ಬಂದ ಭಾರಿ ಸಾಲ ಝಾರನಿಗೆ ಆ ಸಭೆಯ ಹಂಗನ್ನು ತಪ್ಪಿಸಿತು. ಗೋರ್ಕಿ ಆಗ ಫ್ರಾನ್ಸನ್ನು ಸಂಬೋಧಿಸಿ ಬರೆದ ನಿಂದೆಯ ಲೇಖನದಲ್ಲಿ ಪ್ರೇಮಭಂಗವಾದವನ ಕೋಪವಿದೆ. ಫ್ರೆಂಚ್ ಗಣರಾಜ್ಯ ತನ್ನ ಸ್ವಾತಂತ್ರ್ಯದ ತತ್ತ್ವವನ್ನು ಅಂದು ಬಡ್ಡಿಯ ದರಕ್ಕೆ ಮಾರಿಕೊಂಡಿತೆಂಬ ಆರೋಪಕ್ಕೆ ಉತ್ತರ ಹೇಳುವುದು ಸುಲಭವಲ್ಲ.

ಇದೇ ವರ್ಷಗಳಲ್ಲಿ ಇನ್ನೊಂದು ಸಾಲ ಬಡ್ಡಿಸಹಿತ ಪ್ಯಾರಿಸ್ಸಿಗೆ ಹಿಂದಿರುಗಿತು. ಪೀಟರ್ಸ್‌ಬರ್ಗಿನ ಬ್ಯಾಲೆ ಶಾಲೆಯನ್ನು 1738ರಲ್ಲಿ ಸ್ಥಾಪಿಸಿದವನು ಲಾಂದೆ ಎಂಬ ಫ್ರೆಂಚ್ ನರ್ತಕ. 1847ರಲ್ಲಿ ಅಲ್ಲಿಗೆ ಬಂದ ಮಾರ್ಸೇಲ್ಸಿನ ಮಾರಿಯಸ್ ಪೆತಿಪಾ ಅರ್ಧಶತಮಾನಕ್ಕೂ ಮೇಲ್ಪಟ್ಟು ಆ ರಂಗವನ್ನಾಳಿ, ಚೈಕೋವ್‌ಸ್ಕಿಯ ಸಂಗೀತಕ್ಕೆ ಪೆರ್ರೋನ ಫ್ರೆಂಚ್ ಕಥೆಯನ್ನು ಅಳವಡಿಸಿ ‘ನಿದ್ರಿಸುವ ಸುಂದರಿ’ಯನ್ನು 1890ರಲ್ಲಿ ಕುಣಿಸಿದನು. ಫ್ರಾನ್ಸಿನಲ್ಲಿ ಆ ಕಲೆ ಬಡವಾಗಿದ್ದ ಕಾಲದಲ್ಲಿ, 1909ರ ಮೇ ತಿಂಗಳಲ್ಲಿ, ದಿಯಾಗಿಲೆವ್ ತನ್ನ ಮಂಡಲಿಯನ್ನು ಶಾತ್ಲೆ ರಂಗಮಂದಿರಕ್ಕೆ ಕರೆತಂದನು. ನಿಜಿನ್‌ಸ್ಕಿಯ ನೆಗೆತ, ಕರ್ಸಾವಿನಳ ಲಾಲಿತ್ಯ, ಬಾಕ್‌ಸ್ಟನ ಉರಿಯುವ ಬಣ್ಣಗಳು ಪ್ಯಾರಿಸ್ಸನ್ನು ಮರುಳುಗೊಳಿಸಿದುವು. 1913ರ ಮೇ 29ರಂದು ಸ್ಟ್ರಾವಿನ್‌ಸ್ಕಿಯ ‘ವಸಂತಯಾಗ’ದ ಮೊದಲ ಪ್ರದರ್ಶನದಲ್ಲಿ ಅದೇ ರಸಿಕರು ಕೂಗಾಡಿ ಗಲಭೆಯೆಬ್ಬಿಸಿದರು. ಅತ್ತ ಮಾಸ್ಕೋವಿನ ವರ್ತಕ ಶ್ಚೂಕಿನ್ ಮಾತೀಸನ ‘ನೃತ್ಯ’, ‘ಸಂಗೀತ’ಗಳನ್ನು ತನ್ನ ಮನೆಯ ಮೆಟ್ಟಿಲಸಾಲೆಗೆಂದು ಬರೆಯಿಸಿಕೊಂಡಿದ್ದನು, ಸ್ವದೇಶದ ಪ್ರದರ್ಶನಾಲಯಗಳು ಹೊಸ ಚಿತ್ರಕಾರರನ್ನು ಸಂಶಯದಿಂದ ನೋಡುತ್ತಿದ್ದ ದಿನಗಳಲ್ಲಿ ಅವರಿಗೆ ಮೆಚ್ಚುಗೆಯ ಗಿರಾಕಿ ಮಾಸ್ಕೋವಿನಿಂದ ಬಂದನು.

ಮಹಾಯುದ್ಧದಲ್ಲಿ ರಷ್ಯವು ಮಾತು ಉಳಿಸಿಕೊಂಡಿತು. 1914ರ ಆಗಸ್ಟಿನಲ್ಲಿ ಸಿದ್ಧತೆ ಮುಗಿಯುವ ಮೊದಲೇ ಪೂರ್ವ ಪ್ರಶ್ಯಕ್ಕೆ ನುಗ್ಗಿ ಟಾನೆನ್‌ಬರ್ಗಿನಲ್ಲಿ ಒಂದು ಸೇನೆಯನ್ನೇ ಕಳೆದುಕೊಂಡಿತು. ಆ ಧಾವಂತಕ್ಕೆ ಹೆದರಿ ಜರ್ಮನರು ಪಶ್ಚಿಮದಿಂದ ತೆಗೆದ ಪಡೆಗಳ ಅಭಾವ ಮಾರ್ನ್ ಕದನದಲ್ಲಿ ಫ್ರಾನ್ಸಿಗೆ ಒದಗಿಬಂತು. 1916ರಲ್ಲಿ ಷಾಂಪೇನಿನ ಕಂದಕಗಳಿಗೆ ರಷ್ಯನ್ ದಳಗಳೇ ಬಂದುವು. ಮರುವರ್ಷ ಕ್ರಾಂತಿಯ ಸುದ್ದಿ ಕೇಳಿ ಊರಿಗೆ ಕಳುಹಿಸಿರೆಂದು ಹಟಹಿಡಿದವರ ಮೇಲೆ ಲಾ ಕುರ್ತೀನಿನಲ್ಲಿ ಫಿರಂಗಿಗಳು ಹಾರಿದುವು. ಅನಂತರ ಸಾವಿರಾರು ದೇಶಭ್ರಷ್ಟರು ಬಂದರು. ದಾರ್ಯು ಬೀದಿಯ ರಷ್ಯನ್ ದೇಗುಲದ ಸುತ್ತ ಅವರ ಸಮಾಜ ಕೂಡಿಕೊಂಡಿತು. ಝಾರನ ಸೇನೆಯಲ್ಲಿ ಅಧಿಕಾರಿಗಳಾಗಿದ್ದವರು ಟ್ಯಾಕ್ಸಿ ಓಡಿಸಿದರು, ರೆನೋ ಕಾರ್ಖಾನೆಯಲ್ಲಿ ದುಡಿದರು. ಗ್ರಾಸಿನಲ್ಲಿ ನೆಲೆಸಿ ರಷ್ಯನ್ನಿನಲ್ಲಿಯೇ ಬರೆಯುತ್ತಿದ್ದ ಬೂನಿನನಿಗೆ 1933ರಲ್ಲಿ ನೊಬೆಲ್ ಬಹುಮಾನ ಬಂದಿತು.

ಹಿಟ್ಲರನ ಕಾಲದಲ್ಲಿ ನಡುವಣ ರಾಜ್ಯ ಮತ್ತೆ ಬಲಿತಾಗ ಹಳೆಯ ಸೂತ್ರವೂ ಮರಳಿತು. ಫ್ರೆಂಚ್ ವೈಮಾನಿಕರ ‘ನಾರ್ಮಂಡಿ’ ದಳ ಸೋವಿಯತ್ ರಣರಂಗದಲ್ಲಿ ಹೋರಾಡಿ 42 ಮಂದಿಯನ್ನು ಕಳೆದುಕೊಂಡು, 1944ರಲ್ಲಿ ‘ನೀಮೆನ್’ ಎಂಬ ಬಿರುದನ್ನು ಪಡೆಯಿತು: ತೆಪ್ಪದ ಆಲಿಂಗನವನ್ನೂ ಮಹಾಸೇನೆಯ ದಾಟುವಿಕೆಯನ್ನೂ ಕಂಡಿದ್ದ ಅದೇ ನದಿಯ ಹೆಸರು. ಆ ವರ್ಷದ ಡಿಸೆಂಬರಿನಲ್ಲಿ ದ ಗೋಲ್ ಮಾಸ್ಕೋವಿನಲ್ಲಿ ಇಪ್ಪತ್ತು ವರ್ಷಗಳ ಮೈತ್ರಿಗೆ ಅಂಕಿತವಾಗುವಂತೆ ಮಾಡಿದರು. ಪಶ್ಚಿಮ ಜರ್ಮನಿಯ ಶಸ್ತ್ರಸಜ್ಜಿಕೆಗೆ ಫ್ರಾನ್ಸು ಒಪ್ಪಿದ್ದರಿಂದ ಅದು 1955ರಲ್ಲಿಯೇ ರದ್ದಾಯಿತು.

ಸಾಲಪತ್ರಗಳ ಕಥೆ ಇನ್ನೂ ಹಿಂದೆ ಉಳಿದಿತ್ತು. 1918ರ ಫೆಬ್ರವರಿಯಲ್ಲಿ ಬೋಲ್ಶೆವಿಕ್ ಸರ್ಕಾರ ಝಾರನ ಸಾಲಗಳೆಲ್ಲವನ್ನೂ ಅನೂರ್ಜಿತವೆಂದು ಸಾರಿದ ಮೇಲೆ, ಫ್ರಾನ್ಸಿನ ಹಳ್ಳಿಮನೆಗಳ ಪೆಟ್ಟಿಗೆಗಳಲ್ಲಿ ಎರಡು ತಲೆಯ ಹದ್ದಿನ ಮುದ್ರೆಯ ಆ ಅಂದವಾದ ಕಾಗದಗಳು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಆಸ್ತಿಯಾಗಿ ಇಳಿದುಬಂದುವು. ಕಡೆಗೆ 1997ರ ಮೇ ತಿಂಗಳಲ್ಲಿ, ಎಂಬತ್ತು ವರ್ಷಗಳ ಹಗ್ಗಜಗ್ಗಾಟದ ಮೇಲೆ, ರಷ್ಯವು 40 ಕೋಟಿ ಡಾಲರುಗಳನ್ನು ಕೊಟ್ಟು ಲೆಕ್ಕ ಮುಗಿಸುವುದೆಂದು ಎರಡು ಸರ್ಕಾರಗಳೂ ಒಪ್ಪಿಕೊಂಡುವು. ಅದು ಅಸಲಿನ ಒಂದು ಚೂರು ಮಾತ್ರ. ಬಡ್ಡಿಯ ಮಾತನ್ನು ಎತ್ತುವಂತೆಯೇ ಇರಲಿಲ್ಲ. ಪತ್ರಗಳನ್ನು ಹಿಡಿದಿದ್ದ ಕೆಲವರು ಬಂದಷ್ಟನ್ನು ತೆಗೆದುಕೊಂಡರು. ಉಳಿದವರು ಈ ರಾಜಿ ಸರ್ಕಾರಗಳ ನಡುವಣದು, ನಮ್ಮನ್ನು ಕೇಳಿ ಮಾಡಿಕೊಂಡುದಲ್ಲ ಎಂದು ಸಂಘ ಕಟ್ಟಿಕೊಂಡು, ಪೂರ್ತಿ ಬಾಕಿಯನ್ನು ಕೇಳುತ್ತಲೇ ಇದ್ದಾರೆ.